ಹಂಗಾಮಿನ ಮೊದಲ ತೂಕ

ಅಮರಪ್ಪ ಕಾಟಾದ ಕಬ್ಬಿಣದ ಹಲಗೆಯ ಮೇಲೆ ಮೊಣಕಾಲೂರಿ ಕೊನೆಯ ಮೂಲೆಗೆ ನಿಂಬೆಹಣ್ಣು ಇಡುತ್ತಿದ್ದಾಗ ರಾಜಾಸಾಬ ಗೇಟಿನ ಬಳಿ ಲೂನಾ ನಿಲ್ಲಿಸಿದ. ಬಂದವನು ಕೆಳಗಿಳಿಯಲೂ ಇಲ್ಲ, ಎಂದಿನಂತೆ ಚಹಾ ಕೇಳಲೂ ಇಲ್ಲ.

"ಚಂದ್ರಾಮಪ್ಪ ಹೋದ," ಅಂದ. "ಮುಂಜಾನೆ ಚಾ ಕುಡ್ಯಾಕಂತ ಎದ್ದು ಕುಂತಾನ. ಕುಂತಲ್ಲೇ ಮುಗದದ."

ನಿಂಬೆಹಣ್ಣು ಕೈಜಾರಿ ಉರುಳಿತು. ಅಮರಪ್ಪ ಅದನ್ನು ಹಿಡಿದು ತಂದು ಮತ್ತೆ ಮೂಲೆಗಿಟ್ಟ. ಅದು ಮತ್ತೆ ಉರುಳಿತು. ಇನ್ನೊಮ್ಮೆ ಇಟ್ಟ.

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಗೆ ಹತ್ತಿದ ಆ ಹತ್ತಿ ಗಿರಣಿಗೆ ಅಂದು ಹಂಗಾಮಿನ ಮೊದಲ ದಿನ. ಗೇಟು ದಾಟಿದ ಕೂಡಲೇ ಕಾಟಾ. ಹತ್ತಿ ಹೇರಿದ ಗಾಡಿಗಳೆಲ್ಲ ಅದರ ಹಲಗೆಯ ಮೇಲೆ ನಿಂತು ತೂಕ ಕೊಟ್ಟೇ ಒಳಗೆ ಹೋಗಬೇಕು. ಹಲಗೆಯ ಸುತ್ತ ಚೆಂಡುಹೂವು ಕಟ್ಟಿತ್ತು, ಊದುಬತ್ತಿ ಹೊಗೆಯಾಡುತ್ತಿತ್ತು. ಹೊರಗೆ ಟ್ರ್ಯಾಕ್ಟರುಗಳ ಸಾಲು. ಸಾಲಿನ ತಲೆಗೆ ಕೊಂಕಲ್‌ನ ಮೌನಪ್ಪ ಹೊಸ ರುಮಾಲು ಸುತ್ತಿಕೊಂಡು ಮದುಮಗನ ಹಾಗೆ ಕುಳಿತಿದ್ದ. ಮೊದಲ ತೂಕ ಸುಸೂತ್ರವಾದರೆ ವರ್ಷವೆಲ್ಲ ಸುಸೂತ್ರ ಎಂಬುದು ಗಿರಣಿಯವರ ನಂಬಿಕೆ. ಅದರಲ್ಲೂ ಶಕುನಕ್ಕೆ ಅಮರಪ್ಪನಷ್ಟು ಅಂಜುವವನು ಆ ಸೀಮೆಯಲ್ಲೇ ಇರಲಿಲ್ಲ. ಬೆಕ್ಕು ಅಡ್ಡ ಹಾಯ್ದರೆ ಯಾದಗಿರಿ ಬಸ್ಸನ್ನೇ ಬಿಟ್ಟು ಮನೆಗೆ ಮರಳುವ ಮನುಷ್ಯ ಅವನು.

"ಮಣ್ಣು ಎಲ್ಲಿ?" ಎಂದು ಕೇಳಿದ, ತಲೆ ಎತ್ತದೆ.

"ಕಾಲುವಿ ಆಚಿಗಿನ ಅವರ ಹೊಲದಾಗ, ಅವರವ್ವನ ಬಾಜೂಕ. ಅಲ್ಲೇ ಇಡ್ರಿ ಅಂತ ಬಾಯಿ ಬಿಟ್ಟು ಹೇಳಿದ್ನಂತ." ರಾಜಾಸಾಬ ಕಾಲುವೆಯ ಕಡೆ ಕೈ ತೋರಿಸಿದ. "ಕಾಲುವಿ ತುಂಬಿ ಹರಿಯಾಕತ್ತದ, ಅಮರಪ್ಪ. ಹಳೇ ಪೂಲು ಕುಸದದ. ಕುಣಿ ತೋಡೋರು ಪೈಪಿನ ಮ್ಯಾಲ ಒಬ್ಬೊಬ್ರೇ ದಾಟಿ ಹೋಗ್ಯಾರ. ಹೆಣದ ವಿಮಾನ ಹೊತ್ತವರು ಹಂಗ ದಾಟಾಕ ಆಗಂಗಿಲ್ಲ."

"ಸುತ್ತು ಹಾಕಿ ಹೋಗ್ರಿ."

"ಸುತ್ತಲೂ ನೆಲ್ಲು. ಗದ್ದ್ಯಾಗ ಮೊಣಕಾಲಮಟ ಕೆಸರು. ಉಳದದ್ದು ನಿನ್ನ ಗಿರಣಿ ಹಿಂದಿನ ಪೂಲೊಂದೇ."

ಗಿರಣಿಯ ಹಿಂದೆ ಕಾಲುವೆ ದಾಟಲು ಕಟ್ಟಿದ್ದ ಪೂಲಿಗೆ ಹೋಗಬೇಕೆಂದರೆ ಈ ಗೇಟು ಹೊಕ್ಕು, ಈ ಹೂವಿನ ಹಾರ ಹಾಯ್ದು ಹೋಗಬೇಕು. ಅದನ್ನು ರಾಜಾಸಾಬ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಕಾಟಾ ಕೋಣೆಯಲ್ಲಿ ತೂಕ ಬರೆಯುವ ಖಂಡಪ್ಪ ಕಿಟಕಿಯಿಂದ ಕತ್ತು ಹೊರಗೆ ಹಾಕಿದ್ದ. ಮೌನಪ್ಪ ಟ್ರ್ಯಾಕ್ಟರಿನ ಮೇಲೆಯೇ ಎದ್ದು ನಿಂತಿದ್ದ.

"ಇವತ್ತಾ?" ಎಂದ ಅಮರಪ್ಪ.

"ಸಾಯೋ ಮನಷ್ಯಾ ತಾರೀಖು ನೋಡ್ತಾನೇನೋ?"

"ಅವ ನೋಡ್ತಿದ್ದ. ತಾರೀಖು ಬಿಟ್ಟು ಅವ ಜನ್ಮದಾಗ ಬ್ಯಾರೇನೂ ನೋಡಿಲ್ಲ."

"ನನ್ನ ಯಾರೂ ಕಳಿಸಿಲ್ಲ, ನಾನಾಗೇ ಬಂದೀನಿ," ಎಂದು ಹೇಳಿ ರಾಜಾಸಾಬ ಲೂನಾ ತಿರುಗಿಸಿದ. ಆ ಮನೆಯಿಂದ ತನ್ನ ಬಳಿಗೆ ಯಾರನ್ನೂ ಕಳಿಸಿಲ್ಲ ಎಂಬ ಮಾತು ಅಮರಪ್ಪನಿಗೆ ಯಾಕೋ ಚುಚ್ಚಿತು.

*

ಅದು ಬಹಳ ವರ್ಷಗಳ ಹಿಂದಿನ ಮಾತು, ಕಾಲುವೆಗೆ ನೀರು ಬಿಟ್ಟ ಹೊಸತು. ಜೋಳ ಬಿತ್ತುತ್ತಿದ್ದವರೆಲ್ಲ ಹತ್ತಿಗೆ ತಿರುಗಿದ್ದರು. ಅಮರಪ್ಪ ಅಪ್ಪನ ಎಣ್ಣೆ ಗಾಣ ಮಾರಿ ಗಿರಣಿ ಹಾಕಿದ್ದ, ಎದೆಯುಬ್ಬಿಸಿ ಕಾಟಾ ಕೂಡಿಸಿದ್ದ. ದೂರದ ದಕ್ಷಿಣದ ಒಂದು ನೂಲಿನ ಮಿಲ್ಲು ಅವನ ಹತ್ತಿಯ ನಮೂನೆ ಮೆಚ್ಚಿ ಎಲ್.ಸಿ. ತೆಗೆಸಿಕೊಟ್ಟಿತು. ಎಲ್.ಸಿ. ಅಂದರೆ ಕೊಳ್ಳುವವನ ಬ್ಯಾಂಕು ಮಾರುವವನಿಗೆ ಬರೆದುಕೊಟ್ಟ ಮಾತು: ಇಂಥಿಂಥ ಕಾಗದಗಳನ್ನು, ಹೇಳಿದ ಹಾಗೆಯೇ, ಹೇಳಿದ ಗಡುವಿನೊಳಗೆ ತೋರಿಸು, ಹಣ ನಮ್ಮ ಜವಾಬ್ದಾರಿ. ಬಿಲ್ಲು, ತೂಕದ ಚೀಟಿ, ವಿಮೆಯ ಕಾಗದ, ಲಾರಿ ರಸೀದಿ. ಆ ಕಾಗದಗಳನ್ನು ಪರೀಕ್ಷೆ ಮಾಡಲು ಯಾದಗಿರಿಯ ಬ್ಯಾಂಕಿನಲ್ಲಿ ಕುಳಿತವನು ಬೇರೆ ಯಾರೂ ಅಲ್ಲ, ಸುರಪುರದ ಶಾಲೆಯಲ್ಲಿ ಒಂದೇ ಬೆಂಚಿಗೆ ಕುಳಿತು ಒಂದೇ ಬೆತ್ತದ ಏಟು ತಿಂದ ಚಂದ್ರಾಮಪ್ಪ. ಅಮರಪ್ಪನ ನಿಶ್ಚಿಂತೆಗೆ ಇನ್ನೇನು ಬೇಕಿತ್ತು?

ಲಾರಿ ಹೊರಡಲು ಎಲ್.ಸಿ.ಯಲ್ಲಿ ಬರೆದಿದ್ದ ಕಡೆಯ ದಿನ ಎಳ್ಳ ಅಮಾವಾಸ್ಯೆ. ದಕ್ಷಿಣದ ಮಿಲ್ಲಿನವರಿಗೆ ಅದು ಕ್ಯಾಲೆಂಡರಿನ ಒಂದು ಮನೆ, ಅಷ್ಟೇ. ಇಲ್ಲಿ ಅಂದು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಬದುವಿನ ಮೇಲೆ ಕುಳಿತು ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಉಣ್ಣುತ್ತದೆ. ಹಮಾಲರು ಹಿಂದಿನ ಸಂಜೆಯೇ ಹತ್ತಿಯ ಗಂಟು ಹೇರಿ ಹೋಗಿದ್ದರು. ತುಂಬಿದ ಲಾರಿ ಕಾಟಾದ ಮೇಲೆ ನಿಂತಿತ್ತು. ಅಮರಪ್ಪ ಚಂದ್ರಾಮಪ್ಪನನ್ನೂ ಅವನ ಹೆಂಡತಿ ದೇವಕಮ್ಮನನ್ನೂ ಗಿರಣಿಯ ಪಕ್ಕದ ತನ್ನ ಹೊಲಕ್ಕೆ ಕರೆದಿದ್ದ. ಊಟ ಮಾಡುತ್ತ ಚಂದ್ರಾಮಪ್ಪ ಆ ಕಡೆ ನೋಡಿ, "ಲಾರಿ ಹೊಂಟಿಲ್ಲಲ್ಲೋ?" ಎಂದು ಕೇಳಿದ್ದ. "ಅಮಾಸಿ ದಿನಾ ಯಾವ ಡ್ರೈವರ್ ಹೊಂಡ್ತಾನ? ಇನ್ನೊಂದು ಹೋಳಗಿ ಹಾಕಿಸ್ಕೋ," ಅಂದಿದ್ದ ಅಮರಪ್ಪ. ಚಂದ್ರಾಮಪ್ಪ ಹಾಕಿಸಿಕೊಂಡಿದ್ದ.

ಮರುದಿನ ಲಾರಿ ಹೊರಡುವಾಗ ರಸೀದಿ ಬರೆಯಲು ಬಂದವನು ಇದೇ ರಾಜಾಸಾಬ. ಅವನದು ಲಾರಿ ಆಫೀಸು. "ಅಮಾಸಿ ತಾರೀಖೇ ಹಾಕ್ಲೇನು? ಎಲ್ಲಾರೂ ಹಂಗೇ ಹಾಕಸ್ತಾರ," ಎಂದು ಕೇಳಿದ.

"ಥೂ, ಬಿಡ್ತು ಅನ್ನು! ಹೊಸಾ ಗಿರಣಿ, ಮೊದಲ ಮಾಲು. ಅಮಾಸಿ ದಿನಾ ನನ್ನ ಲಾರಿ ಹೊಂಟಿಲ್ಲ. ಕಾಗದದಾಗೂ ಹೊಂಡೋದು ಬ್ಯಾಡ."

ಹೀಗೆ ನಿಜವಾದ ತಾರೀಖು ಬಿತ್ತು. ಅದು ಬಿದ್ದದ್ದು ಸತ್ಯದ ಮೇಲಿನ ಪ್ರೀತಿಗಲ್ಲ, ಅಮಾವಾಸ್ಯೆಯ ಅಂಜಿಕೆಗೆ.

ಯಾದಗಿರಿಯ ಬ್ಯಾಂಕಿನಲ್ಲಿ ಚಂದ್ರಾಮಪ್ಪ ಎಡಗಡೆ ಎಲ್.ಸಿ. ಇಟ್ಟುಕೊಂಡು, ಬಲಗಡೆ ಕಾಗದಗಳನ್ನು ಇಟ್ಟುಕೊಂಡು, ಅಡಿಪಟ್ಟಿ ಸರಿಸುತ್ತ ಒಂದೊಂದೇ ಸಾಲು ಓದಿದ. ಲಾರಿ ರಸೀದಿಯ ಮೇಲೆ ಅಡಿಪಟ್ಟಿ ನಿಂತಿತು. ಎದುರಿಗೆ ಕುಳಿತಿದ್ದ ಅಮರಪ್ಪನ ಕಡೆ ತಲೆ ಎತ್ತಿದ.

"ಅಮರೂ, ರವಾನಿ ತಡಾ ಆಗ್ಯಾದ."

"ಒಂದು ದಿನ ಅಲ್ಲೇನೋ! ನಿನಗ ಗೊತ್ತಿಲ್ಲೇನು ಯಾಕ ಅಂತ?"

"ನನಗ ಗೊತ್ತದ. ಈ ಕಾಗದಕ್ಕ ಗೊತ್ತಿಲ್ಲ. ಆ ಕಡಿ ಬ್ಯಾಂಕಿನವ ನಿನ್ನ ಹೊಲಾ ಕಂಡಿಲ್ಲ, ನಿನ್ನ ಹತ್ತಿ ಮುಟ್ಟಿಲ್ಲ. ನಾ ಇಲ್ಲಿ ಕಣ್ಣು ಮುಚ್ಚಿ ಕಳಿಸಿದ್ರ ಅವ ಅಲ್ಲಿ ಕಣ್ಣು ತೆಗೀತಾನ. ಹಣಾ ಕೊಟ್ಟ ಮ್ಯಾಲ ಹಿಂಗಾದ್ರ ಇನ್ನೂ ಕೆಟ್ಟದು. ತಡಿ, ಒಂದು ದಿನದ ತಡಾ ಒಪ್ಪಿಕೋರಿ ಅಂತ ಅವರಿಗೆ ತಂತಿ ಕೊಡ್ತೀನಿ."

ತಂತಿ ಹೋಯಿತು. ಅಷ್ಟರಲ್ಲಿ ಹತ್ತಿಯ ದರ ಕುಸಿಯಿತು. ಮಿಲ್ಲಿನವರಿಗೆ ಕೊಂಡದ್ದು ಭಾರವಾಗಿತ್ತು. ಒಂದು ದಿನದ ತಡ ಅವರ ಪಾಲಿಗೆ ದೇವರು ಕೊಟ್ಟ ವರವಾಯಿತು. ಒಪ್ಪುವುದಿಲ್ಲ ಎಂಬ ಉತ್ತರ ಬಂತು. ಅಮರಪ್ಪ ರಾಜಾಸಾಬನನ್ನು ಕರೆದುಕೊಂಡು ಬ್ಯಾಂಕಿಗೆ ಓಡಿದ. ಅಂಜಿಕೆ, ಅಭಿಮಾನ ಎರಡನ್ನೂ ನುಂಗಿಕೊಂಡಿದ್ದ.

"ರಾಜಾಸಾಬ ಬ್ಯಾರೆ ರಸೀದಿ ಬರಕೊಡ್ತಾನ. ಅಮಾಸಿ ತಾರೀಖಿಂದು. ನೀ ಹೂಂ ಅನ್ನು, ಸಾಕು."

ಚಂದ್ರಾಮಪ್ಪ ಮೊದಲಿನ ರಸೀದಿಯ ಮೇಲೆ ಕೈಯಿಟ್ಟ. ಆಮೇಲೆ ಅಂದ: "ಈ ರಸೀದಿ ನಾ ನೋಡಿಬಿಟ್ಟೀನಿ. ಅವತ್ತು ಲಾರಿ ಕಾಟಾದ ಮ್ಯಾಲ ನಿಂತದ್ದೂ ನೋಡೀನಿ. ಇಲ್ಲಿ ಕುಂತಾಗ ನಾ ನಿನ್ನ ಮಾರಿ ನೋಡಬಾರದೋ, ಅಮರೂ. ನಿನ್ನ ಹೊಲಕ್ಕ ನಾ ಉಣ್ಣಾಕ ಬರಬಾರದಾಗಿತ್ತು."

ಗಂಟುಗಳು ಆ ದೂರದ ಊರಿನ ಬಯಲಿನಲ್ಲಿ ಬಿದ್ದು ಅಕಾಲದ ಮಳೆಗೆ ನೆಂದವು. ಗಿರಣಿಯ ಅರ್ಧ ಯಂತ್ರಗಳು ಮಾರಿಹೋದವು. ಅಮರಪ್ಪ ಅದನ್ನೆಲ್ಲ ತಡೆದುಕೊಂಡ, ವರ್ಷಗಳ ಮೇಲೆ ವರ್ಷ ದುಡಿದು ಮತ್ತೆ ಎದ್ದು ನಿಂತ. ತಡೆದುಕೊಳ್ಳಲಾಗದೆ ಹೋದದ್ದು ಆ ಕೊನೆಯ ಮಾತನ್ನು. ತನ್ನ ಮನೆಯ ಅನ್ನ ಉಂಡು, ಉಣ್ಣಬಾರದಾಗಿತ್ತು ಅಂದನಲ್ಲ! ಅಂದಿನಿಂದ ಅವನು ಚಂದ್ರಾಮಪ್ಪನ ಜೊತೆ ಮಾತು ಬಿಟ್ಟ. ಕಾಗದಗಳನ್ನು ಗುಮಾಸ್ತನ ಕೈಯಲ್ಲಿ ಕಳಿಸುತ್ತಿದ್ದ; ಬ್ಯಾಂಕಿನ ಮೆಟ್ಟಿಲು ತಾನು ಹತ್ತಲಿಲ್ಲ.

*

ಸತ್ತವನ ಮುಖ ನೋಡದೆ ಇರುವುದು ಯಾರಿಗೂ ಒಳ್ಳೆಯದಲ್ಲ ಎಂದು ತನಗೆ ತಾನೇ ಹೇಳಿಕೊಂಡು ಅಮರಪ್ಪ ಶಹಾಪುರದ ಚಂದ್ರಾಮಪ್ಪನ ಓಣಿಗೆ ಹೋದ. ಪೂಜೆ ಅರ್ಧಕ್ಕೆ ನಿಂತಿತ್ತು. ನೋಡಿ ಬಂದುಬಿಡುತ್ತೇನೆ, ಹಾದಿಯ ಮಾತು ಎತ್ತಿದರೆ ಆಗುವುದಿಲ್ಲ ಅನ್ನುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ.

ಪಡಸಾಲೆಯಲ್ಲಿ ಚಂದ್ರಾಮಪ್ಪನನ್ನು ಗೋಡೆಗೆ ಆನಿಸಿ ಕುಳ್ಳಿರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವಿನ ಹಾರ. ತಲೆ ತುಸು ಮುಂದೆ ಬಾಗಿತ್ತು, ಮೇಜಿನ ಮೇಲೆ ಏನನ್ನೋ ಓದುವಾಗ ಬಾಗುತ್ತಿದ್ದ ಹಾಗೆಯೇ. ಅಮರಪ್ಪ ಅವನ ಕಾಲು ಮುಟ್ಟಿದ. ಕಾಲು ತಣ್ಣಗಿತ್ತು. ಬೆತ್ತದ ಏಟು ಬಿದ್ದ ದಿನ ಇದೇ ಕಾಲಿಗೆ ತಾನು ಉಗುಳು ಹಚ್ಚಿದ್ದು ಅವನಿಗೆ ನೆನಪಾಯಿತು.

ಅಂಗಳದಲ್ಲಿ ಜನ ಮಾತಾಡುತ್ತಿದ್ದರು. ಸಾವಿನ ಮನೆಯ ಮಾತು ಸತ್ತವನನ್ನು ಹೊಗಳಿ ಮುಗಿಸಿ ನಿಧಾನಕ್ಕೆ ತಮಾಷೆಗೆ ಇಳಿಯುತ್ತದೆ.

"ಕಲ್ಲು ತುಂಬಿದ ಗಂಟು ಕಳಿಸಿದಾಂವ ಒಬ್ಬ ಇದ್ದ," ಎಂದ ಹತ್ತಿ ದಲಾಲನೊಬ್ಬ. "ಕಾಗದಾ ನೆಟ್ಟಗಿದ್ವು, ಚಂದ್ರಾಮಪ್ಪ ಪಾಸ್ ಮಾಡಿದ. ಬೆಣ್ಣಿಯಂಥಾ ಹತ್ತಿ ಕಳಿಸಿದವಂದು ನಾಪಾಸ್ ಮಾಡಿದ. ಕೇಳಿದ್ರ, 'ಮಾಲು ನೋಡಾಕ ನಾ ಯಾರು?' ಅಂದ."

"ಹಂಗ ಅನಬ್ಯಾಡ್ರಿ," ಎಂದಳು ಪಕ್ಕದ ಮನೆಯ ಬಸ್ಸಮ್ಮ. "ಒಂದು ಹರಳು ಉಪ್ಪು ಯಾರ ಮನ್ಯಾಗೂ ತಿಂದಿಲ್ಲ ಅಂವ. ನನ್ನ ಮಗಳ ಮದುವ್ಯಾಗ ಅಕ್ಕಿಕಾಳು ಹಾಕಿ, ಊಟಕ್ಕ ಏಳೋದ್ರಾಗ ಮಾಯ ಆಗಿದ್ದ. ಸೊಕ್ಕು ಅಂತ ಬೈದಿದ್ದೆ ನಾ."

ದೇವಕಮ್ಮ ಒಳಗಿನಿಂದ ಬಂದು ಅಮರಪ್ಪನ ಎದುರು ಗೋಡೆಗೆ ಒರಗಿ ಕುಳಿತಳು. ಅತ್ತು ಅತ್ತು ದನಿ ಒಣಗಿತ್ತು.

"ಬಂದ್ರೇನಣ್ಣಾ?"

"ಬಂದ್ನೆವ್ವಾ ತಂಗಿ."

"ಸೊಕ್ಕಲ್ಲಣ್ಣಾ ಅದು," ಎಂದಳು, ಬಸ್ಸಮ್ಮನ ಮಾತಿಗೆ ಈಗ ಉತ್ತರ ಕೊಡುವವಳಂತೆ. "ನಿಮ್ಮ ಹೊಲದಾಗ ಉಂಡದ್ದೇ ಕಡೀದು. ಆ ಕಾಗದಾ ತಿರುಗಿಸಿದ ದಿನಾ ಮನೀಗೆ ಬಂದು, ಗಂಗಾಳ ಮುಂದಿಟ್ರ ನೂಕಿಬಿಟ್ರು. 'ಅವನ ಅನ್ನ ಹೊಟ್ಟ್ಯಾಗ ಇಟಗೊಂಡು ಅವನ ಮಾಲಿಗೆ ಕಲ್ಲು ಹಾಕಿದ್ನಲ್ಲ. ಇನ್ನ ಯಾರ ಮನ್ಯಾಗೂ ಉಣ್ಣಂಗಿಲ್ಲ, ಇಂಥಾ ಸಂಕಟ ಇನ್ನೊಮ್ಮಿ ನನ್ನ ಕೈಲೆ ಆಗಂಗಿಲ್ಲ' ಅಂದ್ರು. ಉಣ್ಲಿಲ್ಲ. ತವರುಮನಿ ಮದುವಿಗೂ ನಾ ಬುತ್ತಿ ಕಟ್ಟಕೊಂಡು ಹೋಗೀನಿ."

ದೇವಕಮ್ಮ ಗಂಡನ ಕೊರಳ ಹಾರ ನೆಟ್ಟಗೆ ಮಾಡಿದಳು.

"ನಿಮ್ಮ ಕಾಗದಾ ಬ್ಯಾಂಕಿಗೆ ಬಂದ ದಿನಾ ನನಗ ಹೇಳೋದೇ ಬ್ಯಾಡಾಗಿತ್ತು. ಯಾದಗಿರಿ ಬಸ್ಸಿಂದ ಇಳಿಯೋ ನಡಗಿ ನೋಡೇ ತಿಳೀತಿತ್ತು. 'ದೇವಕೀ, ಅಮರೂನ ಕಾಗದಾ ಬಂದಿದ್ವು. ಹುಡುಕೀನಿ ಹುಡುಕೀನಿ, ಒಂದು ತಪ್ಪಿಲ್ಲ!' ಅಂತಿದ್ರು. ಅವತ್ತೊಂದು ರೊಟ್ಟಿ ಹೆಚ್ಚಿಗಿ ಉಣ್ಣೋರು."

ಹುಡುಕಿದ್ದಾನೆ. ಗೆಳೆಯನ ತಪ್ಪು ಸಿಗದಿರಲಿ ಎಂದು ಸಾಲು ಸಾಲಿಗೂ ಅಡಿಪಟ್ಟಿ ಸರಿಸಿ ಹುಡುಕಿದ್ದಾನೆ. ಇತ್ತ ತಾನು ಒಂದೊಂದು ಕಾಗದವನ್ನೂ ಹತ್ತು ಸಲ ತಿದ್ದಿಸಿ ಕಳಿಸಿದ್ದು ಅವನನ್ನು ಗೆಲ್ಲಬೇಕೆಂದು. ಇಷ್ಟು ಕಾಲ ಇಬ್ಬರೂ ಅದೇ ಕಾಗದದ ಎರಡು ಬದಿಗೆ ಕುಳಿತಿದ್ದೆವಲ್ಲ ಎಂದು ಅಮರಪ್ಪನಿಗೆ ಎನಿಸಿತು.

"ನೌಕರಿ ಮುಗದ ಮ್ಯಾಲಾದ್ರೂ ಒಂದು ಮಾತು..." ಎಂದ.

"ನಾನೂ ಅಂದೆ. 'ನಾ ಉಣ್ಣಬಾರದಾಗಿತ್ತು ಅಂದದ್ದು ಅವನಿಗೆ ನೆಟ್ಟಿರಬೇಕು, ಈಗ ಯಾವ ಮಾರಿ ಹೊತ್ತು ಹೋಗ್ಲಿ' ಅಂದ್ರು. ಎಳ್ಳ ಅಮಾಸಿಗೆ ನಮ್ಮ ಹೊಲದಾಗ ನಿಮ್ಮ ಕಾಟಾ ಕಾಣೋ ಜಾಗಾ ನೋಡಿ ಕುಂದರೋರು. ಅಷ್ಟೇ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ರಾಜಾಸಾಬ ನಿಮ್ಮಲ್ಲಿಗೆ ಬಂದಿದ್ನಂತ. ಅದನ್ನ ಮನಸಿಗೆ ಹಚ್ಕೋಬ್ಯಾಡ್ರಿ. ಊರ ಸುಡುಗಾಡದಾಗ ಇಡ್ತೀವಿ. ನಿಮ್ಮದು ಪೂಜಿ ದಿನಾ. ಒಬ್ಬರ ಸಲುವಾಗಿ ನೇಮ ಮುರೀರಿ ಅಂತ ಕೇಳೋ ಮನಷ್ಯಾ ಅಲ್ಲ ಅವರು. ಅವರ ಹೆಸರಲೆ ನಾ ಹೆಂಗ ಕೇಳ್ಲಿ?"

ಅಮರಪ್ಪ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಕೇಳುವವರಿಲ್ಲದೆ ಹಾಗೆಯೇ ಉಳಿದವು. ಅವನು ಎದ್ದ. ಚಪ್ಪಲಿ ಮೆಟ್ಟುವುದನ್ನೂ ಮರೆತು ಅಂಗಳಕ್ಕೆ ಇಳಿದ.

"ರಾಜಾಸಾಬ," ಎಂದು ಕೂಗಿದ. "ಕುಣಿ ತೋಡೋರಿಗೆ ಹೇಳಿ ಕಳಸು, ಕೈ ನಿಲ್ಲಸಬ್ಯಾಡ್ರಿ ಅಂತ. ಗಿರಣಿ ಮ್ಯಾಲ ಹೋಗೂನು."

*

ಹೊತ್ತು ಇಳಿಯುವ ಮುಂಚೆ ವಿಮಾನ ಗಿರಣಿಯ ಮುಂದೆ ಬಂತು. ಬಿದಿರಿನ ಮಂಟಪದಲ್ಲಿ ಚಂದ್ರಾಮಪ್ಪ ಮುಂದೆ ಮುಖ ಮಾಡಿ ಕುಳಿತಿದ್ದ. ಭಜನೆಯವರ ತಾಳ ಗೇಟಿನ ಬಳಿ ಸಣ್ಣದಾಯಿತು. ಅಮರಪ್ಪ ಮುಂದಾಗಿ ಓಡಿ ಬಂದಿದ್ದ. ಮೌನಪ್ಪ ಅವನನ್ನು ತಡೆದ.

"ಸಾವಕಾರ್ರ, ಮುಂಜಾನಿಂದ ಕುಂತೀನಿ. ನನ್ನ ಹತ್ತಿ ಒಂದು ತೂಕ ಆಗಿಬಿಡ್ಲಿ, ಆಮ್ಯಾಲ ಹೆಣಾ ಬಿಡ್ರಿ. ಹಂಗಾಮಿನ ಮೊದಲ ತೂಕಕ್ಕ ಇದು ಚಲೋ ಅಲ್ಲ. ನಿಮಗ ನಾ ಹೇಳಬೇಕೇನು?"

ಆ ಮಾತು ಅಮರಪ್ಪನ ಬಾಯಿಂದಲೇ ಬರಬೇಕಿದ್ದ ಮಾತು. ನಿನ್ನೆಯಾಗಿದ್ದರೆ ಬರುತ್ತಲೂ ಇತ್ತು. ಈಗಲೂ ಆ ಹಳೆಯ ಅಂಜಿಕೆ ಹೋಗಿರಲಿಲ್ಲ, ಸುಳ್ಳಲ್ಲ.

"ಅಂವ ಹೊಲಕ್ಕ ಹೊಂಟಾನ, ಮೌನಪ್ಪ. ತಡಾ ಮಾಡಬಾರದು," ಎಂದ. "ನಿನ್ನ ಗಾಡಿ ಹಿಂದಕ ತಗೋ. ಬ್ಯಾರೆ ಗಿರಣಿಗೆ ಹೋಗ್ತೀನಂದ್ರೂ ನನಗೇನೂ ಸಿಟ್ಟಿಲ್ಲ."

ಮೌನಪ್ಪ ಅವನ ಬರಿಗಾಲನ್ನೂ ಮುಖವನ್ನೂ ನೋಡಿದ. ಟ್ರ್ಯಾಕ್ಟರ್ ಹಿಂದೆ ತೆಗೆದ. ಬೇರೆ ಗಿರಣಿಯ ಕಡೆಗೆ ಮಾತ್ರ ತಿರುಗಿಸಲಿಲ್ಲ.

ಹೊತ್ತವರು ಕಾಟಾದ ಮುಂದೆ ಬಂದು ಗಕ್ಕನೆ ನಿಂತರು. ಹಲಗೆಯ ಅಂಚಿನಲ್ಲಿ ಹೂವಿನ ಹಾರ, ಮೂಲೆಗಳಲ್ಲಿ ನಿಂಬೆಹಣ್ಣು.

"ಬಾಜೂಲೆ ಹೋಗೂನ್ರಿ," ಎಂದ ಒಬ್ಬ. ಗೋಡೆಗೂ ಹಲಗೆಗೂ ನಡುವೆ ಇಕ್ಕಟ್ಟಾದ ಜಾಗವೊಂದಿತ್ತು. ವಿಮಾನವನ್ನು ಓರೆ ಮಾಡಿದರೆ ಹೇಗೋ ಹಾಯುತ್ತಿತ್ತು.

"ಓರೆ ಮಾಡಬ್ಯಾಡ್ರಿ ಅವನ್ನ," ಎಂದ ಅಮರಪ್ಪ. ಬಾಗಿ ಹಾರವನ್ನು ತಾನೇ ಹರಿದ. ಮುಂದಿನ ಬಿದಿರಿಗೆ ಹೆಗಲು ಕೊಟ್ಟಿದ್ದ ರಾಜಾಸಾಬನನ್ನು ಸರಿಸಿ ತನ್ನ ಹೆಗಲು ಕೊಟ್ಟ. "ನಡುವಿಂದೇ ಬರ್ರಿ."

ಹಲಗೆ ಅವನ ಕಾಲ ಕೆಳಗೆ ಸ್ವಲ್ಪವೇ ಕುಸಿಯಿತು. ಲಾರಿಗಳಿಗೆ ಪಳಗಿದ ಕಬ್ಬಿಣ ಅದು, ಆದರೂ ಕುಸಿಯಿತು. ಪೂಜೆಗೆಂದು ಮುಂಜಾನೆ ಮುಳ್ಳು ಅಲುಗದಂತೆ ಹಿಡಿಯುವ ಕಾಟಾದ ಕೊಂಡಿ ತೆಗೆದಿಟ್ಟಿದ್ದನ್ನು ಮತ್ತೆ ಹಾಕಲು ಯಾರಿಗೂ ನೆನಪಾಗಿರಲಿಲ್ಲ. ರೈತರಿಗೆ ಕಾಣಲೆಂದು ಹೊರಗೆ ಮುಖ ಮಾಡಿ ಇಟ್ಟಿದ್ದ ಗಡಿಯಾರದಂಥ ದೊಡ್ಡ ತಟ್ಟೆಯಲ್ಲಿ ತೂಕದ ಮುಳ್ಳು ಅಲುಗಿ ಎದ್ದು ನಿಂತಿತು. ವಿಮಾನದಲ್ಲಿ ಕುಳಿತವನು, ಹೊತ್ತವರು, ಹಿಂದೆ ಸೆರಗು ಬಾಯಿಗಿಟ್ಟುಕೊಂಡು ಬರುತ್ತಿದ್ದ ದೇವಕಮ್ಮ, ಎಲ್ಲರೂ ಸೇರಿದ ತೂಕ ಅದು.

ಖಂಡಪ್ಪನಿಗೆ ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ. ಮುಳ್ಳು ಎದ್ದರೆ ಕೈ ಪೆನ್ನಿಗೆ ಹೋಗುವುದು ಅವನ ಜನ್ಮದ ರೂಢಿ. "ಸಾವಕಾರ್ರ," ಎಂದು ಕಿಟಕಿಯಿಂದ ಅಳುಕುತ್ತ ಕೇಳಿದ, "ಚೀಟಿ ಬರೀಲೇನ್ರಿ?"

ಭಜನೆಯವರು ಗದರಿಸಿದರು. ಅಮರಪ್ಪ ಗದರಿಸಲಿಲ್ಲ. ಹೆಗಲ ಮೇಲಿನ ಬಿದಿರನ್ನು ಕೆನ್ನೆಗೆ ಒತ್ತಿಕೊಂಡ.

"ಬ್ಯಾಡಪಾ," ಎಂದ. "ಚೀಟಿ ಬ್ಯಾಡ."

ವಿಮಾನ ಹಲಗೆ ದಾಟಿ ಕಾಲುವೆಯ ಪೂಲಿನ ಕಡೆಗೆ ನಡೆಯಿತು. ಹಿಂದೆ ತಟ್ಟೆಯಲ್ಲಿ ಮುಳ್ಳು ನಡುಗುತ್ತ ನಡುಗುತ್ತ ಕೆಳಗಿಳಿಯಿತು. ತುಳಿದ ಚೆಂಡುಹೂವು ಹಲಗೆಗೆ ಅಂಟಿಕೊಂಡಿತ್ತು. ಉರುಳಿ ಹೋಗಿದ್ದ ನಿಂಬೆಹಣ್ಣನ್ನು, ಹೆಣಕ್ಕೆ ಮರ್ಯಾದೆಯೆಂದು ತಲೆಯ ರುಮಾಲು ತೆಗೆದಿದ್ದ ಮೌನಪ್ಪ ಎತ್ತಿ, ತಂದು, ಮೂಲೆಯಲ್ಲಿ ಮೆಲ್ಲಗೆ ಇಟ್ಟ.